ಇಬ್ಬರು ಅಧ್ಯಕ್ಷರ ಆರು ತಿಂಗಳು

ನಾನು ಕಬ್ಬೂರಿನವಳು. ಜುಗೂಳಕ್ಕೆ ಸೊಸೆಯಾಗಿ ಬಂದು, ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಷಯ ಕಲಿಸುತ್ತೇನೆ. ನಮ್ಮ ಓಣಿಯ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಮಾಡಿ ಚಿಕ್ಕೋಡಿ, ನಿಪ್ಪಾಣಿಯ ಖಾನಾವಳಿಗಳಿಗೆ ಕಳಿಸುವ ಸಂಘ ಕಟ್ಟಿಕೊಂಡಿದ್ದಾರೆ. ರಜೆಯಲ್ಲಿ ನಾನೂ ಹೋಗಿ ಹಿಟ್ಟು ನಾದುತ್ತೇನೆ. ಒಂದು ಬೇಸಿಗೆಯಲ್ಲಿ ಆ ಸಂಘದ ಒಲೆಗಳೆಲ್ಲ ಆರಿಹೋದವು. ಅಧ್ಯಕ್ಷೆ ಯಾರಾಗಬೇಕು ಎಂಬುದೇ ಜಗಳ.

ಒಂದು ಕಡೆ, ನಾವೆಲ್ಲ ಕಾಕು ಎಂದು ಕರೆಯುವ ಜೈನರ ಮನೆಯ ಹಿರಿಯಾಕೆ. ಒಲೆಗಳಿದ್ದ ಪತ್ರಾಸು ತಗಡಿನ ಶೆಡ್ಡು ಅವರದು. ಇನ್ನೊಂದು ಕಡೆ, ಕುರಿ ಸಾಕುವ ಮನೆಗೆ ತೆಲಸಂಗದಿಂದ ಸೊಸೆಯಾಗಿ ಬಂದ ಅಕ್ಕ. ಸಂಘದ ವಿಚಾರ ಮೊದಲು ತೆಗೆದವಳು ಆಕೆ. ಇಬ್ಬರೂ ಮಾತು ಬಿಟ್ಟರು. ಕಡೆಗೆ ತವೆ, ಪಾತ್ರೆ ಹಂಚಿಕೊಂಡು ಸಂಘ ಮುರಿಯೋಣ ಎಂದು ಎಲ್ಲರೂ ಶೆಡ್ಡಿನಲ್ಲಿ ಕೂಡಿದರು.

ಆ ವಾರ ನಾನು ಶಾಲೆಯ ರಸಪ್ರಶ್ನೆಗಾಗಿ ಸಣ್ಣ ಸಣ್ಣ ದೇಶಗಳ ವಿಷಯ ಓದುತ್ತಿದ್ದೆ. ಸುಮ್ಮನಿರಲಾರದೆ ಹೇಳಿಬಿಟ್ಟೆ: "ಸ್ಯಾನ್ ಮರಿನೊ ಅಂತ ಒಂದು ದೇಶ ಐತ್ರಿ. ಸುತ್ತಲೂ ಇಟಲಿ, ನಡುವ ಗುಡ್ಡದ ಮ್ಯಾಲೆ ಇದು. ನಮ್ಮ ಅಥಣಿ ಪ್ಯಾಟ್ಯಾಗಿನಷ್ಟು ಮಂದೀನೂ ಇಲ್ಲ. ರಾಜ ಇಲ್ಲ. ಆರು ತಿಂಗಳಿಗೊಮ್ಮೆ ಇಬ್ಬರನ್ನ ಕೂಡೇ ಮುಖ್ಯಸ್ಥರನ್ನಾಗಿ ಆರಿಸ್ತಾರ. ಇಬ್ಬರೂ ಒಪ್ಪಿದ್ರನ ಮಾತು ನಡೀತೈತಿ."

ಮೂಲೆಯಿಂದ ಯಾರೋ ನನ್ನನ್ನೇ ಕೇಳಿದರು, "ಅಲ್ರಿ ಅಕ್ಕೋರ, ಒಂದ ಮನ್ಯಾಗ ಇಬ್ಬರು ಅತ್ತಿ ಇದ್ರ ಸೊಸಿ ಗತಿ ಏನ್ರಿ?"

ಶೆಡ್ಡು ತುಂಬ ನಗು. ಆದರೆ ಕಾಕು ನಗಲಿಲ್ಲ. "ಎಷ್ಟು ವರ್ಷದಿಂದ ಹಿಂಗ ನಡದೈತಿ?" ಎಂದು ಕೇಳಿದರು.

"ನೂರಾರು ವರ್ಷ ಆತ್ರಿ. ಕಲ್ಲು ಒಡಿಯೋ ಒಬ್ಬ ಮನಶಾ ಆ ಊರು ಕಟ್ಟಿದ ಅಂತ ಹೇಳ್ತಾರ. ಮುಂದ ಫ್ರಾನ್ಸಿನ ಸೇನಾಪತಿ ಒಬ್ಬ, ಇನ್ನಷ್ಟು ಭೂಮಿ ಕೊಡ್ತೀನಿ ತಗೋರಿ ಅಂದ್ರ, ಇದ್ದದ್ದ ಸಾಕು ಅಂದ್ರಂತ."

"ಬಿಟ್ಟಿ ಬಂದ ಹೊಲ ಬ್ಯಾಡ ಅಂದ್ರಾ?" ತೆಲಸಂಗದ ಅಕ್ಕ ಕಣ್ಣರಳಿಸಿದಳು. ಬದುವಿನ ಒಂದು ಗೇಣಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವ ಸೀಮೆ ನಮ್ಮದು. "ಅಂಥಾ ಶಾಣ್ಯಾ ಮಂದಿ ಮಾಡಿದ್ದು ಕೆಟ್ಟ ಇರಂಗಿಲ್ಲ ತಗೋ."

ಹಾಗೆ, ಅರೆಮನಸ್ಸಿನಿಂದಲೇ ಇಬ್ಬರೂ ಅಧ್ಯಕ್ಷರಾದರು. ಮೊದಮೊದಲು ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ನನ್ನ ಮುಖ ನೋಡಿ ಹೇಳುತ್ತಿದ್ದರು. ನಾನು ನಡುವೆ ಕೂತು ಬೆವರುತ್ತಿದ್ದೆ.

ಶ್ರಾವಣದಲ್ಲಿ ಕೃಷ್ಣೆ ಏರಿದಳು. ದಂಡೆಯ ಮನೆಗಳವರು ಪಾತ್ರೆ ಪಗಡ, ಎಮ್ಮೆ ಕರುಗಳೊಂದಿಗೆ ಎತ್ತರದಲ್ಲಿದ್ದ ನಮ್ಮ ಶಾಲೆಗೆ ಬಂದರು. ಅವರಿಗೆ ರೊಟ್ಟಿ ಮಾಡಿಕೊಡಬೇಕೆಂಬುದರಲ್ಲಿ ತಕರಾರಿರಲಿಲ್ಲ. ಹೇಗೆ ಎಂಬುದರಲ್ಲಿತ್ತು. ಕಾಕುಗೆ ಚಾತುರ್ಮಾಸದ ನೇಮ. ಹೊತ್ತು ಮುಳುಗಿದ ಮೇಲೆ ತಮ್ಮ ಶೆಡ್ಡಿನಲ್ಲಿ ಒಲೆ ಉರಿಯಬಾರದು, ಚಟ್ನಿಗೆ ಬೆಳ್ಳುಳ್ಳಿ ಬೀಳಬಾರದು.

"ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ ನಮ್ಮ ಮಂದಿ ನಾಲಿಗಿಗೆ ಹತ್ತಂಗಿಲ್ರಿ," ಎಂದಳು ಅಕ್ಕ. ಈ ಸಲ ನನ್ನ ಮುಖ ನೋಡಲಿಲ್ಲ. ನೇರ ಕಾಕುವಿನ ಕಡೆಗೇ ತಿರುಗಿದ್ದಳು.

ಕಾಕುವೂ ಆಕೆಯ ಕಡೆಗೇ ತಿರುಗಿದರು. "ಹಂಗಾರ ಚಟ್ನಿ ನಿಮ್ಮ ಮನ್ಯಾಗ ಕುಟ್ಟವಾ. ಬಳ್ಳೊಳ್ಳಿ ಇಲ್ಲದ್ದು ನಾ ಇಲ್ಲಿ ಮಾಡ್ತೀನಿ. ಒಲಿ ಮಾತ್ರ ಹೊತ್ತು ಹುಟ್ಟಿದ ಕೂಡ್ಲೆ ಹಚ್ಚೂಣು, ಮುಳುಗೂದ್ರಾಗ ಮುಗಸೂಣು."

"ಆತ್ರಿ," ಎಂದಳು ಅಕ್ಕ.

ನೀರು ಇಳಿಯುವವರೆಗೆ ಹಾಗೆಯೇ ನಡೆಯಿತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ನಾನು, ಮಹಾಯುದ್ಧದ ಕಾಲಕ್ಕೆ ಆ ಪುಟ್ಟ ದೇಶ ತನ್ನ ಜನರಿಗಿಂತ ಎಷ್ಟೋ ಪಟ್ಟು ಹೆಚ್ಚು ನಿರಾಶ್ರಿತರಿಗೆ ಆಸರೆ ಕೊಟ್ಟಿತ್ತು, ರೈಲಿನ ಸುರಂಗಗಳಲ್ಲೂ ಜನ ಮಲಗಿದ್ದರು ಎಂದು ಹೇಳಿದೆ. "ಅಷ್ಟು ಮಂದಿಗೆ ರೊಟ್ಟಿ ಬಡದವರು ಯಾರಂತ?" ಎಂದರು ಕಾಕು. ನಾನು ಓದಿದ್ದರಲ್ಲಿ ಅದು ಇರಲೇ ಇಲ್ಲ.

"ಅಲ್ಲಿ ಹೆಣ್ಣುಮಕ್ಕಳೂ ಅಧ್ಯಕ್ಷರಾಗ್ತಾರೇನ್ರಿ?" ಅಕ್ಕನ ಪ್ರಶ್ನೆ.

"ಈಗ ಆಗ್ತಾರ. ಆದ್ರ ಹೆಂಗಸರಿಗೆ ಓಟು ಬಂದದ್ದು ನಮಗಿಂತ ತಡಾ."

"ಅಂದ್ರ ಇದ್ರಾಗ ನಾವ ಮುಂದ!" ಎಂದು ಅಕ್ಕ ಹಿಟ್ಟಿನ ಕೈಯಿಂದಲೇ ಕಾಕುವಿನ ಭುಜ ತಟ್ಟಿದಳು. ಕಾಕುವಿನ ಸೀರೆಯ ಮೇಲೆ ಐದು ಬೆರಳು ಬೆಳ್ಳಗೆ ಮೂಡಿದವು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

ಆರು ತಿಂಗಳು ಮುಗಿದಾಗ ಅವರಿಬ್ಬರನ್ನೇ ಮುಂದುವರಿಸೋಣ ಎಂದರು ಹಲವರು. ಇಳಿದವರು ಕೂಡಲೇ ಮತ್ತೆ ಏರುವಂತಿಲ್ಲ, ಅವರ ಮೇಲೆ ಯಾರಿಗಾದರೂ ದೂರಿದ್ದರೆ ಹೇಳಲು ಅವಕಾಶ ಕೊಡಬೇಕು, ಅದೂ ಸ್ಯಾನ್ ಮರಿನೊದ ಪದ್ಧತಿ ಎಂದೆ. ದೂರು ಬಂದದ್ದು ಒಂದೇ: ಇಬ್ಬರೂ ಈಗ ವಿಪರೀತ ಹರಟೆ ಹೊಡೆಯುತ್ತಾರೆ, ರೊಟ್ಟಿ ಕರಕಾಗುತ್ತವೆ.

ಹೊಸಬರ ಸರದಿಗೆ ಒಬ್ಬ ಹಿರಿಯಳನ್ನು ಆರಿಸಿದ್ದಾಯಿತು. ಎರಡನೆಯ ಹೆಸರಿಗೆ ಕಾಕು, ಅಕ್ಕ ಇಬ್ಬರೂ ಒಂದೇ ಕಡೆ ಬೆರಳು ಮಾಡಿದರು. ಮರಾಠಿ ಮಾತಿನ ಮಿರಜಿನಿಂದ ಮದುವೆಯಾಗಿ ಬಂದು, ಕನ್ನಡ ತಪ್ಪೀತೆಂದು ಸಭೆಯಲ್ಲಿ ಎಂದೂ ಬಾಯಿ ಬಿಡದ ಎಳೆಯ ಸೊಸೆ ಅಲ್ಲಿ ಕೂತಿದ್ದಳು. "ಮಲಾ?" ನನ್ನನ್ನಾ ಎಂದು ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಶೆಡ್ಡಿನ ಹೊರಗೆ ಓಡಿ ತವರಿಗೆ ಫೋನು ಹಚ್ಚಿದಳು. ತಾನು ಅಧ್ಯಕ್ಷೆಯಾದೆನೆಂದು ಓಣಿಗೆಲ್ಲ ಕೇಳುವಂತೆ ಆಕೆ ತನ್ನ ತಾಯಿಗೆ ಹೇಳುತ್ತಿದ್ದಳು: "ಆಯಿ, ಮೀ ಅಧ್ಯಕ್ಷ ಝಾಲೆ!"