ಫಾರ್ವರ್ಡನ್ನು ಹೊರಗೆ ಕೂರಿಸಿದ ಮ್ಯಾನೇಜರು

ಶಿರ್ವದಲ್ಲಿ ನಮ್ಮ ಬೇಲಿಯಾಚೆ ಇದ್ದವರು ಊರಿನ ಫುಟ್‌ಬಾಲ್ ತಂಡದ ಮ್ಯಾನೇಜರಾಗಿದ್ದವರು. ಎಪ್ಪತ್ತರ ದಶಕದ ಕೊನೆಗೆ, ಕಾರ್ಕಳದವರೆದುರು ಫೈನಲ್ ಸೋತ ಮೇಲೆ ಅವರನ್ನು ತೆಗೆದರು. ಆದರೆ ಬೈಯುವುದನ್ನು ಯಾರೂ ಬಿಡಲಿಲ್ಲ.

ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಗಂಡಸರು ನಮ್ಮ ಜಗಲಿಗೆ ಬಂದರೆ ಅದೇ ಮಾತು. "ಒಳ್ಳೆ ಫಾರ್ವರ್ಡನ್ನು ಹೊರಗೆ ಕೂರಿಸಿ ಹಿಂದೆ ಐದು ಜನ ನಿಲ್ಲಿಸಿದಿರಲ್ಲ, ಅದು ಎಂತ ಆಟ ಮಾರಾಯ್ರೆ?" ಎಲ್ಲರಿಗಿಂತ ದೊಡ್ಡ ಸ್ವರ ನನ್ನ ಗಂಡನದ್ದು. ಹೊರಗೆ ಕೂತ ಫಾರ್ವರ್ಡ್ ಇವರೇ. ಮ್ಯಾನೇಜರು ಮಾತ್ರ ಕೊಡೆಯ ತುದಿಯಿಂದ ಅಂಗಳದ ಹೊಯಿಗೆಯಲ್ಲಿ ಗೆರೆ ಎಳೆಯುತ್ತಾ, "ಹೌದು, ನನ್ನದೇ ತಪ್ಪು" ಎನ್ನುತ್ತಿದ್ದರು.

ತಪ್ಪು ಅವರದ್ದಲ್ಲ. ಆ ಫೈನಲ್ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ಬಿತ್ತು. ನನ್ನ ಗಂಡ ಹಿಂದಿನ ದಿನದಿಂದ ನೀರು ಮಾತ್ರ ಕುಡಿದು, ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತಲೆ ತಿರುಗಿ ಕೂತಿದ್ದರು. ಉಪವಾಸವನ್ನೂ ಬಿಡುವವರಲ್ಲ, ಆಟವನ್ನೂ ಬಿಡುವವರಲ್ಲ. ನಾನು ಬೇಲಿ ಹತ್ತಿರ ಹೋಗಿ, "ಅಣ್ಣ, ಇವತ್ತು ಇವರನ್ನು ಆಡಿಸಬೇಡಿ. ನಾನು ಹೇಳಿದ್ದೆಂದು ಯಾರಿಗೂ ಗೊತ್ತಾಗಬಾರದು" ಎಂದೆ. ಅವರು ತಲೆ ಆಡಿಸಿದರು, ಅಷ್ಟೆ. ಗಂಡ ಆ ಬಿಸಿಲಲ್ಲಿ ಬೀಳದೆ ಮನೆಗೆ ಬಂದರು. ದೇವರ ಉಪಕಾರ ಅದು.

ಮೂರು ವರ್ಷ ಕೇಳಿಸಿಕೊಂಡೆ. ಒಂದು ಆದಿತ್ಯವಾರ ಯಾರೋ, "ಕಾರ್ಕಳದವರಿಂದ ಎಂತಾದರೂ ತಿಂದಿರಾ?" ಎಂದು ಅವರನ್ನು ಕೇಳಿದಾಗ ತಡೆಯಲಾಗಲಿಲ್ಲ. ಚಹಾದ ತಟ್ಟೆ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ.

ಗಂಡ ಎದ್ದು ತಮ್ಮ ಕುರ್ಚಿಯನ್ನು ಅವರ ಕಡೆ ಸರಿಸಿದರು. ಮ್ಯಾನೇಜರು ಕೂರದೆ ನನ್ನನ್ನೇ ನೋಡಿದರು.

"ಎಂತ ತಂಗಿ, ಹೇಳಿಬಿಟ್ಟೆಯಲ್ಲ! ಇನ್ನು ಇವರಿಗೆ ಆದಿತ್ಯವಾರ ಮಾತಾಡಲಿಕ್ಕೆ ಎಂತ ಉಂಟು?"