ಅಕ್ಕನ ತಲೆಗೆ ಬಿಟ್ಟ ಹುಳ

ನನಗೊಂದು ಕಾಯಿಲೆ ಇದೆ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡ ಅನ್ನ ಜೀರ್ಣವಾಗುವುದಿಲ್ಲ. ಪಾಂಡವಪುರದಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಷ್ಟರಾಗಿದ್ದಾಗ ಈ ಕಾಯಿಲೆಗೆ ಸಂಬಳ ಸಿಗುತ್ತಿತ್ತು. ನಿವೃತ್ತನಾದ ಮೇಲೆ ಕೇಳುವವರನ್ನು ನಾನೇ ಹುಡುಕಿಕೊಂಡು ಹೋಗಬೇಕಾಗಿದೆ. ನನ್ನನ್ನು ಕಂಡರೆ ಬೀದಿಯ ಕೊನೆಯಲ್ಲೇ ಸ್ಕೂಟರು ತಿರುಗಿಸಿಕೊಂಡು ಹೋಗುವ ಗೆಳೆಯರಿದ್ದಾರೆ.

ಈಚೆಗೆ ಓದಿದ್ದು ಬ್ಯಾಕ್ಟೀರಿಯಾಗಳ ವಿಷಯ. ಕೆರೆಯ ತಳದ ಕೆಸರಿನಲ್ಲಿ ಒಂದು ಬಗೆಯವು ಇರುತ್ತವೆ. ಅವುಗಳ ಮೈಯೊಳಗೆ ಕಬ್ಬಿಣದ ಅದಿರಿನ ಕಣಗಳು ಮಣಿ ಪೋಣಿಸಿದಂತೆ ಸಾಲಾಗಿರುವುದರಿಂದ, ದಿಕ್ಸೂಚಿಯ ಮುಳ್ಳಿನ ಹಾಗೆ ಉತ್ತರ ದಕ್ಷಿಣಕ್ಕೆ ತಿರುಗಿಕೊಂಡು ಈಜುತ್ತವೆ. ಇವುಗಳ ಮೇಲೆ ಔಷಧಿ ಹೊರಿಸಿ, ಹೊರಗಿನಿಂದ ಆಯಸ್ಕಾಂತದಲ್ಲಿ ದಾರಿ ತೋರಿಸುತ್ತಾ, ಮೈಯೊಳಗಿನ ಗಡ್ಡೆಯ ಬಳಿಗೇ ನಡೆಸಲು ವಿಜ್ಞಾನಿಗಳು ನೋಡುತ್ತಿದ್ದಾರಂತೆ. ಕಣ್ಣಿಗೇ ಕಾಣದ ಜೀವಿಗೆ ಮೂಗುದಾರ! ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೀಗಿರುವಾಗ, ಬೂಕನಕೆರೆಯಲ್ಲಿರುವ ನನ್ನ ಅಕ್ಕನಿಗೆ ಕರುಳಿನಲ್ಲಿ ಗಡ್ಡೆ ಇದೆ ಎಂದು ಮೈಸೂರಿನ ಡಾಕ್ಟರು ಹೇಳಿದರು. ಈಗಲೇ ಆಪರೇಷನ್ ಮಾಡಿಸಿದರೆ ವಾಸಿಯಾಗುತ್ತದೆ, ತಡ ಮಾಡಬೇಡಿ ಅಂದರು. ಧೈರ್ಯ ಹೇಳಲು ಹೋದ ನಾನು, ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಬ್ಯಾಕ್ಟೀರಿಯಾ ಪಾಠ ಶುರು ಮಾಡಿಬಿಟ್ಟೆ. ಅಕ್ಕನಿಗೆ ಅರ್ಥವಾಗಲೆಂದು ‘ಹುಳ’ ಅಂದೆ. ಇದೆಲ್ಲ ಇನ್ನೂ ಪ್ರಯೋಗಶಾಲೆಯಲ್ಲೇ ಇದೆ ಎಂಬುದನ್ನೂ ಹೇಳಿದೆ, ಆದರೆ ಕಾಫಿ ಹೀರುತ್ತಾ ಹೇಳಿದೆ.

ಮೂರನೆಯ ದಿನ ಭಾವನ ಫೋನು ಬಂತು. “ಏನ್ ಮೇಷ್ಟ್ರೇ, ನಿಮ್ಮಕ್ಕನ್ ತಲೆಗೆ ಅದ್ಯಾವ್ ಉಳ ಬುಟ್ರಿ? ಆಪ್ರೇಷನ್ ಬ್ಯಾಡ್ವಂತೆ. ಉಳ ಬರೋಗಂಟ ಕಾಯ್ತೀನಿ ಅಂತ ಕುಂತವ್ಳೆ!”

ಅಷ್ಟು ದೊಡ್ಡ ವಿಜ್ಞಾನಿಗಳಿಗೆ ಹುಳವನ್ನು ಗಡ್ಡೆಗೆ ಮುಟ್ಟಿಸುವುದು ಇನ್ನೂ ಕಷ್ಟವಾಗಿದೆ. ನಾನು ಒಂದು ಲೋಟ ಕಾಫಿಯಲ್ಲಿ ಅಕ್ಕನ ತಲೆಗೆ ಮುಟ್ಟಿಸಿದ್ದೆ. ಕೂಡಲೇ ಬಸ್ಸು ಹತ್ತಿದೆ. ಚಿನಕುರಳಿ ಬರುವವರೆಗೂ ಹೇಳಬೇಕಾದ್ದನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಂಡೆ. ಅಲ್ಲಿಂದಾಚೆ ಭಯ ಶುರುವಾಯಿತು. ನಾನು ಹೇಳಿದ ಹುಳ ಬರಲಿಲ್ಲ, ಗಡ್ಡೆ ಮಾತ್ರ ಬೆಳೆಯುತ್ತಾ ಹೋಯಿತು ಅಂದರೆ ಅಕ್ಕನ ಗತಿ?

ಅಕ್ಕ ಕೊಟ್ಟಿಗೆಯ ಮುಂದೆ ಹಸುವಿನ ಮೈ ತೊಳೆಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಪಾಠ ಶುರುವಾಯಿತು.

“ನಮ್ ಗೌರಿ ತಂತಿ ನುಂಗಿದ್ದಾಗ ದನದ ಡಾಕ್ಟ್ರು ಒಟ್ಟೆಗೆ ಆಯಸ್ಕಾಂತ ಬುಟ್ರು ಕಣ್ಲಾ. ಅದಿನ್ನೂ ಒಳ್ಗೇ ಅದೆ, ಎಲ್ಡೊತ್ತೂ ಆಲು ಕೊಡ್ತಾವ್ಳೆ. ದನಕ್ಕಾಗಿದ್ದು ನಂಗಾಗಕಿಲ್ವಾ?”

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಆ ಆಯಸ್ಕಾಂತ ತಂತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ, ಗಡ್ಡೆಯನ್ನೇನೂ ಮಾಡುವುದಿಲ್ಲ ಎಂದೆ.

“ಅಂಗಾರೆ ನಿನ್ ಉಳ ಯಾವಾಗ ಬತ್ತವೆ?”

“ಗೊತ್ತಿಲ್ಲ ಕಣಕ್ಕ.” ಮೇಷ್ಟರ ಬಾಯಲ್ಲಿ ಸಲೀಸಾಗಿ ಬರುವ ಮಾತಲ್ಲ ಅದು. “ಆಪ್ರೇಷನ್ನು ಈಗ್ಲೇ ಅದೆ. ಉಳ ಇನ್ನೂ ಇಲ್ಲ. ನಾನು ಜಂಬಕ್ಕೆ ಹೇಳ್ದೆ.”

ಅಕ್ಕ ಹಸುವಿನ ಬೆನ್ನ ಮೇಲೆ ಇನ್ನೊಂದು ಚೆಂಬು ನೀರು ಹುಯ್ದಳು. “ಕುಯ್ಸ್ಕೊಳಕ್ಕೆ ಎದ್ರಿಕೆ ಆಯ್ತದೆ ಕಣ್ಲಾ,” ಎಂದಳು.

ನನಗೆ ನಾಚಿಕೆಯಾಯಿತು. ಎಲ್ಲರೂ ಬಂದು ಅವಳಿಗೆ ಏನೇನೋ ಹೇಳಿದ್ದೆವು. ಹೆದರಿಕೆಯಾ ಅಂತ ಒಬ್ಬರೂ ಕೇಳಿರಲಿಲ್ಲ. “ನಂಗೂ ಎದ್ರಿಕೆ ಕಣಕ್ಕ,” ಎಂದು ನಾನೂ ಒಂದು ಚೆಂಬು ಎತ್ತಿಕೊಂಡೆ. ಇಬ್ಬರೂ ಸೇರಿ ಹಸು ತೊಳೆದೆವು. ಸೋಮವಾರ ಆಸ್ಪತ್ರೆಗೆ ಹೋದೆವು. ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಅವಳ ಕೈ ಹಿಡಿದುಕೊಂಡಿದ್ದೆ, ಯಾವ ಪಾಠವನ್ನೂ ಮಾಡಲಿಲ್ಲ.

ಗಡ್ಡೆ ತೆಗೆದರು. ಅಕ್ಕ ಈಗ ಮತ್ತೆ ಡೈರಿಗೆ ಹಾಲು ಹಾಕುತ್ತಿದ್ದಾಳೆ. ಆಗಾಗ ಫೋನು ಮಾಡಿ ನನ್ನ ಕಾಲೆಳೆಯುತ್ತಾಳೆ.

“ಏನ್ಲಾ, ನಿನ್ ಉಳ ಎಲ್ಲಿಗಂಟ ಬಂದ್ವು?”

“ಇನ್ನೂ ದಾರೀಲವೆ ಕಣಕ್ಕ.”

“ನಿಧಾನಕ್ ಬರ್ಲಿ ಬುಡು. ನಂಗೇನೀಗ ಅರ್ಜೆಂಟಿಲ್ಲ.”