ಹದಿನಾರು ಸಲದ ಹರಕೆ

ಇದು ಎಂದಿಗೂ ಆಗದ ಕೆಲಸ ಎಂದವರು ನಮ್ಮ ದೊಡ್ಡ ಮಾವ, ಅಂದರೆ ನನ್ನ ಗಂಡನ ದೊಡ್ಡಪ್ಪ. ಸಿಟ್ಟಿನಿಂದ ಅಂದದ್ದಲ್ಲ. ಕುರಕುಂಟಾದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಇವತ್ತು ಬಿಸಿಲು ಹೆಚ್ಚು ಅನ್ನುವವರ ಹಾಗೆ ಹೇಳಿದರು: "ಈ ಮನ್ಯಾಗ ಗಂಡಸರೇ ಹತ್ತನೇ ಕ್ಲಾಸ್ ದಾಟಿಲ್ಲ. ಸೊಸಿ ಡಿಗ್ರಿ ಮಾಡ್ತಾಳಂತ. ಅದು ಆಗೂ ಮಾತಲ್ಲ, ಬಿಡ್ರಿ."

ನನ್ನ ತವರು ಚಂದ್ರಂಪಳ್ಳಿ ಕೆರೆಯ ಹಿಂದಿನ ಒಂದು ಸಣ್ಣ ಊರು. ಚಿಂಚೋಳಿಯಲ್ಲಿ ಪಿಯುಸಿ ಮುಗಿಸಿದ್ದೆ, ಮುಗಿದ ವರ್ಷವೇ ಮದುವೆ. ನನ್ನ ಗಂಡ ಸೇಡಂ ಹತ್ತಿರ, ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲೇ ಓದಿ ಬಿ.ಎ. ಮಾಡುವ ಫಾರ್ಮನ್ನು ಅವರೇ ತಂದು, ಯಾರಿಗೂ ಹೇಳದೆ ಅಕ್ಕಿ ಡಬ್ಬಿಯ ಮೇಲೆ ಇಟ್ಟಿದ್ದರು. ಮನೆಯಲ್ಲಿ ಕೂತು ಓದುವುದಕ್ಕೆ ಯಾರದೂ ತಕರಾರಿರಲಿಲ್ಲ. ತೊಡಕು ಇದ್ದದ್ದು ಪರೀಕ್ಷೆಯದು. ಬರೆಯಬೇಕಾದದ್ದು ಶಹಾಬಾದಿನಲ್ಲಿ. ನಮ್ಮ ಮನೆಯ ಹೆಂಗಸರು ಊರು ದಾಟುತ್ತಿದ್ದದ್ದು ಮೂರೇ ಕಾರಣಕ್ಕೆ: ದವಾಖಾನೆ, ತವರು, ದೇವರು.

ದೊಡ್ಡ ಮಾವ ಹಾಗಂದ ಮರುದಿನ ರೊಟ್ಟಿ ಬಡಿಯುತ್ತ ಅತ್ತೆ ನನ್ನನ್ನು ಕೇಳಿದರು, ಎಲ್ಲ ಕೂಡಿ ಪರೀಕ್ಷೆ ಎಷ್ಟು ಅಂತ. ಮೂರು ವರ್ಷಕ್ಕೆ ಹದಿನಾರು ಅಂದೆ. ಅವರು ತಲೆ ಆಡಿಸಿ ರೊಟ್ಟಿ ತಿರುವಿ ಹಾಕಿದರು. ಸಂಜೆ ಎಲ್ಲರೂ ಉಣ್ಣಲು ಕೂತಾಗ, ಮೊಣಕಾಲಿನ ನೋವಿಗಾಗಿ ತಾವು ಶಹಾಬಾದಿನ ಆಚೆ ಹೊಳೆ ದಂಡೆಯ ಅಮ್ಮನಿಗೆ ಹರಕೆ ಹೊತ್ತಿರುವುದಾಗಿ ಹೇಳಿದರು. ಹದಿನಾರು ಸಲ ದರ್ಶನ ಮಾಡಬೇಕು, ಸೊಸೆ ಕೈ ಹಿಡಿದು ಕರೆದುಕೊಂಡು ಹೋಗಬೇಕು. ಯಾವ ಯಾವ ದಿನ ಅಂತ ದೊಡ್ಡ ಮಾವ ಕೇಳಿದರು. ಅದನ್ನು ಅಮ್ಮನೇ ತಿಳಿಸುತ್ತಾಳೆ ಎಂದರು ಅತ್ತೆ. ಅಮ್ಮ ತಿಳಿಸಿದ ದಿನಗಳು ನಮ್ಮ ಮನೆಗೆ ಅಂಚೆಯಲ್ಲಿ ಬರುತ್ತಿದ್ದವು.

ಹರಕೆಗೆ ಅಡ್ಡ ಬರುವವರು ನಮ್ಮ ಮನೆಯಲ್ಲಿ ಇಲ್ಲ.

ಆದರೆ ನಾವಿಬ್ಬರೂ ಒಂದು ಮಾತು ಮರೆತಿದ್ದೆವು. ಯಾತ್ರೆಗೆ ಹೊರಟವರ ಕೈಗೆ ಯಾರಾದರೂ ದೇವರ ಸಾಮಾನು ಕೊಟ್ಟರೆ ಒಲ್ಲೆ ಅನ್ನುವಂತಿಲ್ಲ. ಅದು ಓಣಿಯ ಕಟ್ಟಳೆ. ಮೊದಲ ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಐದು ಜನ ಹೆಂಗಸರು ನಿಂತಿದ್ದರು. ಒಬ್ಬಳು ಉಡಿ ತುಂಬುವ ಸಾಮಾನು ಕೊಟ್ಟಳು, ಕುಬಸದ ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು. ಇನ್ನಿಬ್ಬರು ಕಾಯಿ. ಮತ್ತೊಬ್ಬಳು ಹಾಲು ಬತ್ತಿಸಿಕೊಂಡ ಹಸುವಿನ ಕೊರಳ ಗಂಟೆ. ಐದನೆಯವಳು ಏನೂ ಕೊಡಲಿಲ್ಲ, ಕಿವಿಯಲ್ಲಿ ಒಂದು ಮಾತು ಹೇಳಿ, ಅದನ್ನು ಅಮ್ಮನ ಮುಂದೆ ಹಾಗೇ ಹೇಳು ಅಂದಳು. ಚೀಲದ ತಳದಲ್ಲಿ ಹಾಲ್ ಟಿಕೆಟ್ಟು, ನೋಟ್ಸು, ಮೇಲೆ ಇದೆಲ್ಲ. ರಾಜ್ಯಶಾಸ್ತ್ರದ ಪರೀಕ್ಷೆಗೆ ನಾನು ಒಂದು ಹಸುವಿನ ಸಂಕಟ ಹೊತ್ತುಕೊಂಡು ಹೋದೆ.

ಮೊದಲ ವರ್ಷ ಪರೀಕ್ಷೆಗಳು ಬೆಳಗಿನ ಹೊತ್ತು ಇರುತ್ತಿದ್ದವು. ಬರೆದು ಮುಗಿಸಿ, ಟಂಟಂ ಆಟೋ ಹಿಡಿದು ಹೊಳೆಗೆ ಹೋಗಿ, ಕಾಲು ತೊಳೆದು, ಒಬ್ಬೊಬ್ಬರ ಮಾತನ್ನೂ ಕಲಸದೆ ಅಮ್ಮನಿಗೆ ಒಪ್ಪಿಸುತ್ತಿದ್ದೆ. ಪ್ರಶ್ನೆಪತ್ರಿಕೆಗಿಂತ ಅದಕ್ಕೇ ಹೆಚ್ಚು ಹೆದರಿಕೆ. ಉತ್ತರ ತಪ್ಪಿದರೆ ನನ್ನ ನಷ್ಟ, ಇದು ಬೇರೆಯವರದು.

ಸೇಡಂನಿಂದ ಪ್ಯಾಸೆಂಜರ್ ಗಾಡಿ. ಚಿತ್ತಾಪುರ ದಾಟಿ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಶಹಾಬಾದು. ಅತ್ತೆಗೆ ಕಿಟಕಿಯೇ ಬೇಕು. ಬೇಸಿಗೆಯಲ್ಲಿ ತೊಗರಿ ಹೊಲಗಳು ಬೋಳಾಗಿ ಕಪ್ಪು ಮಣ್ಣು ಬಾಯಿ ಬಿಟ್ಟಿರುತ್ತದೆ. ಅದರ ಮೇಲೆ ಬಿಸಿಲು ನೀರಿನ ಹಾಗೆ ಕದಲುತ್ತ, ದೂರದ ಬೇವಿನ ಗಿಡಗಳ ಬುಡ ಕಾಣದೆ, ಗಿಡಗಳು ನೆಲ ಬಿಟ್ಟು ನಿಂತಂತೆ ತೋರುತ್ತಿತ್ತು. ಹಳಿಯ ಬದಿಗೆ ಕಲ್ಲು ತೆಗೆದ ಕಣಿಗಳು, ಒಟ್ಟಿದ ಪರಸಿ, ಬಿಳಿ ಧೂಳು ಕೂತು ಯಾವ ಬಣ್ಣದ್ದೆಂದು ತಿಳಿಯದ ಮೇಕೆಗಳು. ವಾಡಿ ಹತ್ತಿರವಾದಂತೆ ಸಿಮೆಂಟ್ ಕಾರ್ಖಾನೆಯ ಹೊಗೆ ಗಾಳಿಯೇ ಇಲ್ಲದ ಆಕಾಶದಲ್ಲಿ ನಿಂತೇ ಇರುತ್ತಿತ್ತು. ಓದುತ್ತ ಓದುತ್ತ ನನಗೆ ಜೊಂಪು ಹತ್ತುತ್ತಿತ್ತು. ಆ ಅರೆನಿದ್ದೆಯಲ್ಲಿ ಪುಸ್ತಕದ ರಾಜರು, ಹಸುವಿನ ಗಂಟೆ, ಕಿವಿಯಲ್ಲಿ ಹೇಳಿದ ಮಾತು ಎಲ್ಲ ಒಂದೇ ಸಾಲಿನಲ್ಲಿ ನಡೆದು ಹೋಗುತ್ತಿದ್ದವು. ನಾನು ಯಾರ ಸೊಸೆ, ಯಾವ ಊರಿನವಳು ಎಂಬುದು ಹಳಿಯ ಸದ್ದಿನಲ್ಲಿ ಸ್ವಲ್ಪ ಹೊತ್ತು ಕಳಚಿ ಬೀಳುತ್ತಿತ್ತು. ಎಚ್ಚರವಾದಾಗ ಅತ್ತೆ ಕೇಳುತ್ತಿದ್ದರು, ಈಗ ಹೋದ ಬೋರ್ಡಿನ ಮೇಲೆ ಏನು ಬರೆದಿತ್ತು ಅಂತ. ಓದದೇ ಹೋದದ್ದಕ್ಕೆ ಬೈಯುತ್ತಿದ್ದರು.

ಎರಡನೆಯ ವರ್ಷ ಪರೀಕ್ಷೆಗಳು ಮಧ್ಯಾಹ್ನಕ್ಕೆ ಬಿದ್ದವು. ಗಾಡಿ ಇಳಿದಾಗಲೇ ಒಂದು ಗಂಟೆ, ಬರೆದು ಹೊರಬಂದರೆ ಐದು. ಹೊಳೆಗೆ ಹೋದರೆ ವಾಪಸು ಗಾಡಿ ತಪ್ಪುತ್ತದೆ, ಅತ್ತೆ ಒಬ್ಬರೇ ಅಷ್ಟು ದೂರ ಹೋಗುವವರಲ್ಲ. ಚೀಲದಲ್ಲಿ ಎದುರು ಮನೆಯಾಕೆ ಕೊಟ್ಟ ಉಡಿ ಇತ್ತು. ಆಕೆಯ ಅಕ್ಕ ಐನಾಪುರದಲ್ಲಿ ಇದ್ದಾಳೆ. ತೀರಿಹೋದ ತಾಯಿಯ ಬೋರಮಾಳ ಸರ ಯಾರಿಗೆ ಅಂತ ಜಗಳವಾಗಿ, ಅಕ್ಕ ತಂಗಿ ಆರು ವರ್ಷ ಮಾತು ಬಿಟ್ಟಿದ್ದರು. ಅಕ್ಕ ಒಮ್ಮೆ ಹೊಸ್ತಿಲು ತುಳಿಯಲಿ, ಇಷ್ಟೇ ಆಕೆಯ ಬೇಡಿಕೆ. ಉಡಿ ಹಾಗೇ ವಾಪಸು ಒಯ್ಯುವುದು ಹೇಗೆ ಎಂಬ ಚಿಂತೆಯಲ್ಲೇ, ಚೀಲ ಅತ್ತೆಗೆ ಕೊಟ್ಟು ಹೋಗಿ, ಪರೀಕ್ಷೆ ಬರೆದು ಹೊರಗೆ ಬಂದರೆ, ಕಾಲೇಜಿನ ಗೇಟಿನ ಪಕ್ಕದ ಬೇವಿನ ಗಿಡದ ಬುಡದಲ್ಲಿ ಒಡೆದ ಕಾಯಿ, ಅರಿಶಿನ, ಆ ಕುಬಸದ ಬಟ್ಟೆ. ಪಕ್ಕದಲ್ಲಿ ಅತ್ತೆ, ಏನೂ ಆಗದವರಂತೆ. ಅವರ ಜೊತೆಗೆ, ಮಗಳ ಪರೀಕ್ಷೆಗೆ ಬಂದ ಒಬ್ಬ ಮುಸಲ್ಮಾನರ ಮುದುಕಿ, ಜಪಮಣಿ ಎಣಿಸುತ್ತ.

"ಅತ್ತಿ, ಇದು ಗುಡಿ ಅಲ್ಲರಿ. ಕಾಲೇಜು."

"ಗೊತ್ತದ. ಮೂರು ತಾಸಿನಿಂದ ಕುಂತೀನಿ. ಒಳಗ ಹೋಗೂಮುಂದ ಕೈ ಮುಗೀಲಾರದಾಂವ ಒಬ್ಬನೂ ಇಲ್ಲ. ಹೊರಗ ಕುಂತವರ ಗಂಟಲ್ದಾಗ ನೀರು ಇಳದಿಲ್ಲ. ಇಷ್ಟು ಖರೇ ಬೇಡ್ಕೊಳ್ಳೋ ಮಂದೀನ ನಾ ಹೊಳಿ ದಂಡ್ಯಾಗೂ ನೋಡಿಲ್ಲ." ಒಂದು ಕಾಯಿ ಹೋಳನ್ನು ಆ ಮುದುಕಿಯ ಕೈಗೆ ಕೊಟ್ಟು, ಇನ್ನೊಂದನ್ನು ನನ್ನ ಚೀಲಕ್ಕೆ ಹಾಕಿದರು. "ಓಣ್ಯಾಗ ಹಂಚು."

ಹಂಚಿದೆ. ಆ ವರ್ಷ ಉಳಿದ ಪರೀಕ್ಷೆಗಳಲ್ಲೂ ಹಾಗೇ ಆಯಿತು.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಐನಾಪುರದ ಅಕ್ಕ ಬಸ್ಸಿಳಿದು, ಬಾಯಾರಿಕೆ ಅಂತ ತಂಗಿಯ ಮನೆಗೆ ಬಂದು, ನೀರು ಕುಡಿದು, ಊಟ ಮಾಡಿ, ನಾಲ್ಕು ದಿನ ಉಳಿದಳು. ಹೊಳೆ ದಂಡೆಯ ಅಮ್ಮ ಕಿವಿ ಕೊಟ್ಟಳು ಎಂದು ಎದುರು ಮನೆಯಾಕೆ ಓಣಿಗೆಲ್ಲ ಹೇಳಿಕೊಂಡು ಬಂದಳು. ಮುಂದಿನ ವರ್ಷ ನಮ್ಮ ಬಾಗಿಲಲ್ಲಿ ನಿಂತವರು ಐದಲ್ಲ, ಹನ್ನೊಂದು ಜನ.

ಹದಿನೈದನೆಯ ಪರೀಕ್ಷೆಗೆ ಆಕೆಯೇ ನಮ್ಮ ಜೊತೆ ಹೊರಟಳು. ವರ್ಷ ತುಂಬುವುದರೊಳಗೆ ಹರಕೆ ತೀರಿಸಬೇಕು. ಕಂಕುಳಲ್ಲಿ ಅಮ್ಮನಿಗೆಂದು ಕೊಂಡ ಹಸಿರು ಸೀರೆ. ಹೊಟ್ಟೆಗೆ ಒಂದು ಗುಟುಕು ಚಹಾ ಕೂಡ ಇಲ್ಲ, ಉಪವಾಸ. ಚಿತ್ತಾಪುರದವರೆಗೆ ಅಕ್ಕನ ಸುದ್ದಿಯೇ ಹೇಳಿದಳು.

ವಾಡಿಯಲ್ಲಿ ಇಳಿದಾಗ ಅತ್ತೆ ನನ್ನನ್ನು ನಲ್ಲಿಯ ಹತ್ತಿರ ಎಳೆದು, ನೀನು ಬರೆಯುವಷ್ಟರಲ್ಲಿ ನಾನು ಆಕೆಯನ್ನು ಹೊಳೆಗೆ ಕರೆದುಕೊಂಡು ಹೋಗಿ ಬರುತ್ತೇನೆ, ಬಾಯಿ ಮುಚ್ಚಿಕೊಂಡಿರು ಅಂದರು. ಅದು ಸುಲಭವಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಸೇಡಂ ಕಡೆಯ ಗಾಡಿ ಎದುರಿನ ಪ್ಲಾಟ್‌ಫಾರಂನಲ್ಲೇ ನಿಂತಿತ್ತು. ಆಕೆ ಅದನ್ನು ಹತ್ತಿದರೆ ಸಂಜೆಯೊಳಗೆ ದೊಡ್ಡ ಮಾವನಿಗೆ ಎಲ್ಲ ತಿಳಿಯುತ್ತದೆ, ಹದಿನಾರನೆಯ ಪರೀಕ್ಷೆಗೆ ನಾನು ಹೊಸ್ತಿಲು ದಾಟುವುದಿಲ್ಲ. ಒಂದು ಪೇಪರು ಉಳಿದರೂ ಡಿಗ್ರಿ ಇಲ್ಲ. ಆದರೆ ಆಕೆಯ ಒಣಗಿದ ತುಟಿ ನೋಡಿ ನನ್ನಿಂದ ಆಗಲಿಲ್ಲ. ಆಕೆಯ ಉಡಿ ಮುಟ್ಟಿಯೇ ಇಲ್ಲದ ಕಡೆ ಆಕೆಯನ್ನು ನಿಲ್ಲಿಸಿ ಕೈ ಮುಗಿಸುವುದು, ಅದೂ ಮೂರು ವರ್ಷ ಎಲ್ಲರ ಮಾತು ಹೊತ್ತು ತಂದ ನಾನು.

ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಪರೀಕ್ಷೆ, ಕಾಲೇಜು, ಬೇವಿನ ಗಿಡ.

ಆಕೆ ಕಂಕುಳ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅಂದ್ರ ಅಕ್ಕಾ, ನಾ ಕೊಟ್ಟ ಉಡಿ ನಿನ್ನ ಸೊಸಿ ಪರೀಕ್ಷಿಗಿ ಹಾಕಿದಿ."

"ನಿನ್ನ ಹೆಸರ ಹೇಳೇ ಹಾಕೀನಿ," ಅಂದರು ಅತ್ತೆ.

ಆಕೆ ಎದ್ದು ಹೋಗಿ ಪ್ಲಾಟ್‌ಫಾರಂನ ಅಂಚಿನಲ್ಲಿ ನಿಂತಳು, ಸೇಡಂ ಗಾಡಿಗೆ ಮುಖ ಮಾಡಿ. ಬಿಸಿಲಿಗೆ ಹಳಿಗಳು ನಡುಗುತ್ತಿದ್ದವು. ನನ್ನ ಕೈಯಲ್ಲಿ ಅರ್ಥಶಾಸ್ತ್ರದ ನೋಟ್ಸು ಇತ್ತು, ಒಂದು ಅಕ್ಷರವೂ ಕಾಣಲಿಲ್ಲ. ಗಾಡಿ ಕೂಗಿತು, ಅಲುಗಿತು, ನಿಧಾನ ಹೊರಟು ಹೋಯಿತು. ಅದು ಹೋದ ಮೇಲೂ ಆಕೆ ಅಲ್ಲೇ ನಿಂತಿದ್ದಳು. ನಮ್ಮ ಗಾಡಿ ಬಂದಾಗ ಹತ್ತಿ, ನಮ್ಮಿಂದ ದೂರ, ಬಾಗಿಲ ಹತ್ತಿರ ಕೂತಳು.

ಏನು ಬರೆದೆನೋ. ಐದಕ್ಕೆ ಹೊರಗೆ ಬಂದರೆ ಗೇಟಿನಲ್ಲಿ ಗದ್ದಲ. ಬೇವಿನ ಗಿಡಕ್ಕೆ ಹಸಿರು ಸೀರೆ ಸುತ್ತಿದೆ, ಕಾವಲುಗಾರ ಬಿಚ್ಚಿ ಅನ್ನುತ್ತಿದ್ದಾನೆ, ಜಪಮಣಿಯ ಮುದುಕಿ ಅವನಿಗೆ ತನ್ನ ಭಾಷೆಯಲ್ಲಿ ಬೈಯುತ್ತಿದ್ದಾಳೆ. ಎದುರು ಮನೆಯಾಕೆ ಯಾರಿಗೂ ಉತ್ತರ ಕೊಡದೆ ಸೀರೆಯ ನೆರಿಗೆ ಸರಿ ಮಾಡುತ್ತಿದ್ದಳು. ನನ್ನನ್ನು ನೋಡದೆಯೇ ಹೇಳಿದಳು: "ನನ್ನ ಮಾತು ಕೇಳಿದ್ದು ಈ ಜಾಗಾ. ಸೀರಿ ಇದಕ್ಕೇ ಸಲ್ತದ. ನಿನ್ನ ಮ್ಯಾಲ ಸಿಟ್ಟದ, ಅದು ಬ್ಯಾರೆ."

ಆ ಸಿಟ್ಟು ನಿಜವಾಗಿಯೂ ಇತ್ತು. ಮುಂದೆ ಎಷ್ಟೋ ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಹದಿನಾರನೆಯ ಪರೀಕ್ಷೆ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಮುಗಿದ ಮರುದಿನ ಬೆಳಿಗ್ಗೆ ಓಣಿಗೆಲ್ಲ ಹೇಳಿದಳು. ದೊಡ್ಡ ಮಾವ ಎರಡು ದಿನ ಮುಖ ತಿರುವಿದರು. ಮೂರನೆಯ ದಿನ ಹೊಲದ ಪಹಣಿ ತಂದು ನನ್ನ ಮುಂದೆ ಹಿಡಿದು, ಇದರಲ್ಲಿ ಏನಿದೆ ಓದು ಅಂದರು.

ಪಾಸಾದೆ. ಇಡೀ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಪ್ರಮಾಣಪತ್ರ ತರಲು ಅತ್ತೆ, ನಾನು ಏನೂ ನೆಪ ಹೇಳದೆ ಹೊರಟೆವು. ಬಾಗಿಲಲ್ಲಿ ಯಾರೂ ಏನೂ ಕೊಡಲು ನಿಂತಿರಲಿಲ್ಲ. ಚೀಲ ಹಗುರವಿತ್ತು, ಅದು ನನಗೆ ಯಾಕೋ ಹಿತವಾಗಲಿಲ್ಲ. ತೊಗರಿ ಹೂ ಬಿಟ್ಟಿತ್ತು. ಚಿತ್ತಾಪುರದಿಂದ ವಾಡಿಯವರೆಗೆ ಕಿಟಕಿಯ ತುಂಬ ಹಳದಿ, ಅತ್ತೆಯ ಮುಖದ ಮೇಲೂ ಹಳದಿ.

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ಸಹಿ ಹಾಕಿಸಿಕೊಂಡು ಪ್ರಮಾಣಪತ್ರ ಕೊಟ್ಟರು. ನಾನು ಅದನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡರು. ಬೆಳಕಿಗೆ ಹಿಡಿದರು, ಮುದ್ರೆಯ ಮೇಲೆ ಬೆರಳಾಡಿಸಿದರು, ಹಿಂದೆ ಏನಾದರೂ ಇದೆಯೋ ಎಂದು ತಿರುವಿ ನೋಡಿದರು. ಮತ್ತೆ ನನಗೆ ಕೊಟ್ಟರು.

"ಸರಿಯಾಗಿ ಓದಿ ನೋಡವ್ವ," ಅಂದರು. "ಇದರ ಮುಂದ ಇನ್ನೊಂದು ಪರೀಕ್ಷಿ ಇರ್ತದಲ್ಲ?"